ಸ್ಕ್ಯಾನ್ ಆಯ್ತು, ರಿಪೋರ್ಟ್ ಬರಬೇಕು: ಒಂದು ಗುರುವಾರದಿಂದ ಸೋಮವಾರದವರೆಗೆ

ನಾನು ಮಂಡ್ಯದವಳು. ಮನೆಯ ಮುಂದಿನ ಕೋಣೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ವಯಸ್ಸು 54. ಮೂರು ವರ್ಷದ ಹಿಂದೆ ಎಡಗಡೆ ಎದೆಯಲ್ಲಿ ಗಡ್ಡೆ ಬಂದು ಆಪರೇಷನ್, ಕೀಮೋ, ರೇಡಿಯೇಷನ್ ಎಲ್ಲ ಆಯಿತು. ಆ ಕಥೆ ಇಲ್ಲಿ ಬೇಡ. ಇದು ಆಮೇಲಿನ ಕಥೆ. ಎಲ್ಲ ಮುಗಿಯಿತು ಅಂದುಕೊಂಡು ಉಸಿರು ಬಿಟ್ಟ ಮೇಲೆ ಮತ್ತೆ ಒಂದು ಸ್ಕ್ಯಾನ್ ಬರೆದುಕೊಟ್ಟು, ರಿಪೋರ್ಟಿಗೆ ಅಂತ ಕಾಯಿಸುತ್ತಾರಲ್ಲ, ಆ ದಿನಗಳದ್ದು. ಹೋದ ಸೋಮವಾರಕ್ಕೆ ನನ್ನದು ಮುಗಿಯಿತು. ಮರೆಯುವ ಮುಂಚೆ ಬರೆದಿಡೋಣ ಅಂತ ಕೂತಿದ್ದೇನೆ.

ಶುರುವಾಗಿದ್ದು ಬೆನ್ನು ನೋವಿನಿಂದ. ಗೌರಿ ಹಬ್ಬದ ಆರ್ಡರ್ ಇತ್ತು. ಹದಿನೈದು ದಿನದಲ್ಲಿ ಅರವತ್ತು ಬ್ಲೌಸ್ ಹೊಲಿದಿದ್ದೆ. ನನ್ನದು ಇನ್ನೂ ಕಾಲಲ್ಲಿ ತುಳಿಯುವ ಮಷಿನ್. ಮೂವತ್ತು ವರ್ಷದಿಂದ ಹೊಲಿಯುವವಳಿಗೆ ಬೆನ್ನು ನೋವು ಹೊಸದಾ? ಆದರೆ ಒಂದು ಸಲ ಕ್ಯಾನ್ಸರ್ ಬಂದುಹೋದವರಿಗೆ ಬರೀ ಬೆನ್ನು ನೋವು ಅಂತ ಯಾವುದೂ ಇರುವುದಿಲ್ಲ. ತಲೆ ನೋವು ಬಂದರೆ ಮೆದುಳಿಗೆ ಹೋಯ್ತೇನೋ, ಕೆಮ್ಮು ಬಂದರೆ ಶ್ವಾಸಕೋಶಕ್ಕೆ ಹೋಯ್ತೇನೋ. ಜೊತೆಗೆ ನಾನು ದಿನಾ ಲೆಟ್ರೊಜೋಲ್ ಅಂತ, ಕ್ಯಾನ್ಸರ್ ಮತ್ತೆ ಬರದಿರಲಿ ಅಂತ ಕೊಡುವ ಮಾತ್ರೆ ನುಂಗುತ್ತೇನೆ. ಅದರಿಂದಲೂ ಕೀಲು, ಮೂಳೆ ನೋಯುತ್ತವೆ. ಹೀಗೆ ಒಂದು ನೋವಿಗೆ ಮೂರು ಕಾರಣ. ಅದರಲ್ಲಿ ಎರಡಕ್ಕೆ ಹೆದರಬೇಕಿಲ್ಲ. ಮನಸ್ಸು ಹೋಗಿ ಕೂರುವುದು ಮಾತ್ರ ಮೂರನೆಯದರ ಮೇಲೆ.

ಹೊಸದಾಗಿ ಬಂದ ನೋವು ಎರಡು ಮೂರು ವಾರ ಕಳೆದರೂ ಹೋಗದಿದ್ದರೆ ಬಂದು ತೋರಿಸಬೇಕು ಅಂತ ಡಾಕ್ಟರ್ ಮೊದಲೇ ಹೇಳಿದ್ದರು. ನಾನು ಐದು ವಾರ ಮುಲಾಮು ಹಚ್ಚಿಕೊಂಡು ಕಳೆದೆ. ಹೋದರೆ ಏನಾದರೂ ಹೇಳಿಬಿಡುತ್ತಾರೆ, ಹೋಗದಿದ್ದರೆ ಏನೂ ಇಲ್ಲ ಅನ್ನುವ ಲೆಕ್ಕ. ಇದು ದಡ್ಡತನ ಅಂತ ಗೊತ್ತಿದ್ದೇ ಮಾಡಿದೆ.

ಇಲ್ಲಿ ಒಂದು ವಿಷಯ ಹೇಳಿಬಿಡುತ್ತೇನೆ. ನನಗೆ ಬರೆದುಕೊಟ್ಟಿದ್ದು ಪೆಟ್ ಸ್ಕ್ಯಾನ್, ಕ್ಯಾನ್ಸರ್ ಮೈಯಲ್ಲಿ ಎಲ್ಲಾದರೂ ಇದೆಯಾ ಅಂತ ನೋಡುವುದು. ನಮ್ಮ ಕಾಯಿಲೆಯಲ್ಲಿ ವರ್ಷ ವರ್ಷ ಅದನ್ನು ಮಾಡಿಸಲೇಬೇಕು ಅಂತೇನಿಲ್ಲ. ಏನೂ ತೊಂದರೆ ಇಲ್ಲದವರಿಗೆ ಡಾಕ್ಟರ್ ಕೈಯಿಂದ ತಪಾಸಣೆ, ವರ್ಷಕ್ಕೊಂದು ಮ್ಯಾಮೊಗ್ರಾಂ ಸಾಕು. ನಮ್ಮ ಬೀದಿಯವರೊಬ್ಬರು ಸುಮ್ನೆ ಸಮಾಧಾನಕ್ಕೆ ಅಂತ ವರ್ಷಕ್ಕೊಂದು ಮಾಡಿಸಿಕೊಳ್ಳುತ್ತಾರೆ. ಅವರಿಗೆ ಸಮಾಧಾನ ಸಿಕ್ಕಿದ್ದನ್ನು ನಾನಂತೂ ಕಂಡಿಲ್ಲ. ನನಗೆ ಬರೆದುಕೊಟ್ಟಿದ್ದು ಬೆನ್ನು ನೋವು ಇತ್ತು ಅಂತ, ಬೆನ್ನುಮೂಳೆಯ ಒಂದು ಕಡೆ ಒತ್ತಿದಾಗ ನಾನು ಹಾ ಅಂದೆ ಅಂತ.

ಮೈಸೂರಿನಲ್ಲಿ ಸ್ಕ್ಯಾನಿಗೆ ದಿನ ಸಿಕ್ಕಿದ್ದು ಆರು ದಿನ ಆದ ಮೇಲೆ, ಗುರುವಾರ. ಹೇಳಿದ ದುಡ್ಡು 14,500 ರೂಪಾಯಿ. ಮೂರು ವರ್ಷದ ಹಿಂದಿನ ಆಪರೇಷನ್ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದ ಕಾರ್ಡಿನಲ್ಲಿ ಆಗಿತ್ತು. ಬಿಪಿಎಲ್ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ ಅದರಲ್ಲಿ ಬರುತ್ತದೆ. ಈ ಸಲದ ಸ್ಕ್ಯಾನ್ ನನಗೆ ಅದರಲ್ಲಿ ಆಗಲಿಲ್ಲ. ನೀವು ಮಾತ್ರ ದುಡ್ಡು ಕಟ್ಟುವ ಮುಂಚೆ ಈ ಕಾರ್ಡಿನ ಕೆಲಸ ನೋಡಿಕೊಳ್ಳಲು ಆಸ್ಪತ್ರೆಯಲ್ಲಿ ಕೂತಿರುವ ಆರೋಗ್ಯ ಮಿತ್ರರನ್ನು ಒಂದು ಮಾತು ಕೇಳಿ. ಕಟ್ಟಿದ ಮೇಲೆ ಕೇಳಿ ಪ್ರಯೋಜನವಿಲ್ಲ. ನಾನು ಮುಟ್ಟದೆ ಇಟ್ಟಿದ್ದ ಏಳು ಕಂತಿನ ಗೃಹಲಕ್ಷ್ಮಿ ಹಣ, ಹದಿನಾಲ್ಕು ಸಾವಿರ, ಅಲ್ಲಿಗೆ ಹೋಯಿತು. ಮಗಳ ಸೀಮಂತಕ್ಕೆ ಅಂತ ಇಟ್ಟಿದ್ದು ಅದು.

ಮಗಳ ವಿಷಯ ಹೇಳಬೇಕು. ಅವಳಿಗೆ ಏಳು ತಿಂಗಳು. ಬೆಂಗಳೂರಿನಿಂದ ಬಂದು ನಮ್ಮ ಮನೆಯಲ್ಲೇ ಇದ್ದಾಳೆ. ಸ್ಕ್ಯಾನ್ ವಿಷಯ ಅವಳಿಗೆ ತಿಳಿಸುವುದು ಬೇಡ ಅಂತ ನಾನೂ ಯಜಮಾನರೂ ಮಾತಾಡಿಕೊಂಡೆವು. ಬಸುರಿ ಹೆಂಗಸು, ಯಾಕೆ ಸುಮ್ನೆ ಅವಳ ನಿದ್ದೆ ಕೆಡಿಸೋದು ಅಂತ. ಮೈಸೂರಿಗೆ ಯಾಕೆ ಹೋಗ್ತೀಯಾ ಅಂದರೆ ಏನನ್ನಬೇಕು? ದಸರಾ ಹತ್ತಿರ ಬಂದಿತ್ತಲ್ಲ, ಲೈನಿಂಗ್ ಬಟ್ಟೆ ತರೋಕೆ ಅನ್ನುವುದು ಅಂತ ಆಯಿತು. ಯಜಮಾನರು ಇನ್ನೊಂದನ್ನೂ ಸೇರಿಸಿದರು, "ಪಿತೃಪಕ್ಷ ಬೇರೆ, ಕಳೀಲಿ ಬಿಡು, ಆಮೇಲ್ ಮಾಡ್ಸಣ" ಅಂತ. ಆ ಮಾತಿಗೆ ನಾನೂ ಒಂದು ಗಳಿಗೆ ಸಡಿಲವಾದೆ, ಸುಳ್ಳು ಹೇಳುವುದಿಲ್ಲ. ಆದರೆ ದಿನ ಬಿಟ್ಟರೆ ಮತ್ತೆ ಯಾವಾಗ ಸಿಗುತ್ತೋ. ಹೋಗುವುದು ಅಂತಾಯಿತು.

ಕಾಗದ ಪತ್ರ ಅಂತ ನನ್ನ ಕೈಯಲ್ಲಿದ್ದದ್ದು: ಡಾಕ್ಟರ್ ಚೀಟಿ, ಆಧಾರ್, ಹಳೆಯ ಡಿಸ್ಚಾರ್ಜ್ ಸಮ್ಮರಿ, ಬಯಾಪ್ಸಿ ರಿಪೋರ್ಟ್, ಹೊಸದಾಗಿ ಮಾಡಿಸಿದ ಕ್ರಿಯಾಟಿನಿನ್ ರಕ್ತಪರೀಕ್ಷೆ. ಚಿತ್ರ ಸ್ಪಷ್ಟವಾಗಿ ಬರಲಿ ಅಂತ ಕಾಂಟ್ರಾಸ್ಟ್ ಔಷಧಿ ಕೊಡಬೇಕಾದರೆ ಕಿಡ್ನಿ ಸರಿ ಇದೆಯಾ ಅಂತ ನೋಡುವುದಕ್ಕೆ ಅದು. ಹಳೆಯ ಸ್ಕ್ಯಾನ್ ರಿಪೋರ್ಟಿನ ಹಾಳೆಯೂ ಇತ್ತು. ಸಿಡಿ ಇರಲಿಲ್ಲ. ಹಾಳೆ ಇದ್ದರೆ ಸಾಕು ಅಂದುಕೊಂಡಿದ್ದೆ.

ಬುಧವಾರ ಕೌಂಟರಿಗೆ ಫೋನ್ ಮಾಡಿದಾಗ ಹುಡುಗಿ, "ನಿಮ್ಮದು ಹಳೇ ಫೈಲ್ ಇದೆ ಅಲ್ವಾ ಮೇಡಂ, ಡೀಟೇಲ್ಸ್ ಎಲ್ಲ ಅದೇನಾ?" ಅಂದಳು. ಹೂಂ ಅಂದೆ. ಆ ಹೂಂ ಏನು ಮಾಡಿತು ಅಂತ ಮುಂದೆ ಹೇಳುತ್ತೇನೆ.

ಹಿಂದಿನ ದಿನ ಮುದ್ದೆ, ಅನ್ನ, ಸಿಹಿ ಬೇಡ ಅಂದಿದ್ದರು. ಮಂಡ್ಯದವರಿಗೆ ಮುದ್ದೆ ಬಿಟ್ಟು ಊಟ ಮಾಡಿ ಅಂದರೆ ಊಟವೇ ಮಾಡಬೇಡಿ ಅಂದಂಗೆ. ಎರಡು ಮೊಟ್ಟೆ, ಒಂದಷ್ಟು ಸೊಪ್ಪಿನ ಪಲ್ಯ ತಿಂದೆ. "ಯಾಕಮ್ಮ ಮುದ್ದೆ ಬೇಡ್ವಾ?" ಅಂದಳು ಮಗಳು. ಹೊಟ್ಟೆ ಸರಿಯಿಲ್ಲ ಅಂದೆ. ಎರಡನೇ ಸುಳ್ಳು. ಅವರು ಕೊಟ್ಟ ಹಾಳೆಯಲ್ಲಿ ಇನ್ನೊಂದು ಸಾಲಿತ್ತಂತೆ, ಇಂಗ್ಲಿಷಿನಲ್ಲಿ: ಹಿಂದಿನ 24 ಗಂಟೆ ಮೈಗೆ ಶ್ರಮದ ಕೆಲಸ ಬೇಡ ಅಂತ. ಅದನ್ನು ನಾನು ಓದಿಸಿಕೊಳ್ಳಲೇ ಇಲ್ಲ. ನಿದ್ದೆ ಬರದೆ ರಾತ್ರಿ ಹನ್ನೆರಡೂವರೆವರೆಗೆ ಮಷಿನ್ ತುಳಿದೆ.

ಗುರುವಾರ ಬೆಳಗ್ಗೆ ಐದೂವರೆ ಬಸ್ಸು. ಆಧಾರ್ ತೋರಿಸಿ ಸೊನ್ನೆ ಟಿಕೆಟ್ ಇಸ್ಕೊಂಡು ಕಿಟಕಿ ಪಕ್ಕ ಕೂತೆ. ಯಜಮಾನರು ಬರುತ್ತೇನೆ ಅಂದರು. ಮಗಳೊಬ್ಬಳೇ ಆಗ್ತಾಳೆ ಅಂತ ನಾನೇ ಬೇಡ ಅಂದೆ. ಇದೊಂದು ತಪ್ಪು. ಸ್ಕ್ಯಾನಿಗೆ ಒಬ್ಬರೇ ಹೋಗಬೇಡಿ. ಜೊತೆಗೆ ಬಂದವರು ಮಾತಾಡುವುದೇನೂ ಬೇಡ. ನೀವು ಒಳಗೆ ಹೋದಾಗ ಬಳೆ, ಓಲೆ, ತಾಳಿ ಸರ ಹಿಡಿದುಕೊಂಡು ಕೂರುವುದಕ್ಕಾದರೂ ಒಬ್ಬರು ಬೇಕು. ನಾನು ಎಲ್ಲ ಬಿಚ್ಚಿ ಕರ್ಚೀಫಿನಲ್ಲಿ ಗಂಟು ಕಟ್ಟಿ ಲಾಕರಿನಲ್ಲಿಟ್ಟು, ಅದರ ಚಾವಿಯನ್ನು ಯಾರಿಗೆ ಕೊಡುವುದು ಅಂತ ನೋಡುತ್ತಾ ನಿಂತಿದ್ದೆ.

ಏಳೂಕಾಲಿಗೆ ಸೇರಿದೆ. ಎಂಟಕ್ಕೆ ಅಂದಿದ್ದವರು ಒಂಬತ್ತಾದರೂ ಕರೆಯಲಿಲ್ಲ. ಕೇಳಿದರೆ, "ಔಷಧಿ ಬೆಂಗಳೂರಿನಿಂದ ಬರ್ತಾ ಇದೆ" ಅಂದರು. ಆಮೇಲೆ ಅಲ್ಲಿನ ಟೆಕ್ನೀಷಿಯನ್ ಹುಡುಗ ಬಿಡಿಸಿ ಹೇಳಿದ. ಅದು ಒಂದು ಥರದ ಸಕ್ಕರೆ, ಹೆಸರು ಎಫ್‌ಡಿಜಿ. ಅದಕ್ಕೆ ವಿಕಿರಣ ಸೂಸುವ ಫ್ಲೋರಿನ್-18 ಅಂಟಿಸಿರುತ್ತಾರೆ. ಕ್ಯಾನ್ಸರ್ ಗಡ್ಡೆ ಸಾಮಾನ್ಯವಾಗಿ ಸಕ್ಕರೆಯನ್ನು ಜಾಸ್ತಿ ಎಳೆದುಕೊಳ್ಳುತ್ತದೆ, ಅಲ್ಲಿ ಹೊಳೆಯುತ್ತದೆ. ಆ ಔಷಧಿಯನ್ನು ಮಾಡಿ ಇಟ್ಟುಕೊಳ್ಳುವ ಹಾಗಿಲ್ಲ. 110 ನಿಮಿಷಕ್ಕೆ ಅದರ ಶಕ್ತಿ ಅರ್ಧಕ್ಕೆ ಇಳಿಯುತ್ತದೆ, ಮತ್ತೆ 110 ನಿಮಿಷಕ್ಕೆ ಉಳಿದಿದ್ದರಲ್ಲಿ ಅರ್ಧ. ಅದಕ್ಕೇ ಅವತ್ತಿಂದು ಅವತ್ತೇ ಮಾಡಿ, ಸೀಸದ ಡಬ್ಬಿಯಲ್ಲಿಟ್ಟು ಕಾರಿನಲ್ಲಿ ತರುತ್ತಾರೆ. ನಾನು ಮಂಡ್ಯದಲ್ಲಿ ಬಸ್ ಹತ್ತಿ ಬಂದ ಮೇಲೆ ನನ್ನ ಔಷಧಿ ನಮ್ಮೂರಿನ ಬೈಪಾಸ್ ದಾಟಿಕೊಂಡೇ ಬಂದಿದೆ. ಸಕ್ಕರೆ ನಾಡಿನವಳಿಗೆ ಬೆಂಗಳೂರಿನಿಂದ ಸಕ್ಕರೆ ತರಿಸಬೇಕಾಯಿತಲ್ಲಪ್ಪ ಅಂದೆ. ಅವನು ನಕ್ಕ. ಅವತ್ತು ನಾನು ಮಾತಾಡಿದ್ದರಲ್ಲಿ ಸರಿಯಾದ ಮಾತು ಅಂದರೆ ಅದೊಂದೇ ಇರಬೇಕು.

ಹತ್ತೂ ಮುಕ್ಕಾಲಿಗೆ ಕಾರು ಬಂತು. ಬೆರಳು ಚುಚ್ಚಿ ಶುಗರ್ ನೋಡಿದರು, 118. ಇನ್ನೂರು ದಾಟಿದ್ದರೆ ವಾಪಸ್ ಕಳಿಸುತ್ತಿದ್ದರಂತೆ. ಶುಗರ್ ಇರುವವರು ಮಾತ್ರೆ, ಇನ್ಸುಲಿನ್ ಏನು ಮಾಡಬೇಕು ಅಂತ ದಿನ ಗೊತ್ತು ಮಾಡುವಾಗಲೇ ಕೇಳಿಕೊಳ್ಳಿ. ನನ್ನ ಪಕ್ಕ ಕೂತಿದ್ದ ಪಿರಿಯಾಪಟ್ಟಣದ ಹಿರಿಯರೊಬ್ಬರನ್ನು ಹಾಗೇ ವಾಪಸ್ ಕಳಿಸಿದರು. ಅವರು ರಾತ್ರಿ ಎರಡಕ್ಕೇ ಎದ್ದು ಹೊರಟಿದ್ದರಂತೆ.

ಸೂಜಿ ಹಾಕುವಾಗ ಎಡಗೈ ಬೇಡ, ಅದು ಆಪರೇಷನ್ ಆದ ಕಡೆ ಅಂತ ನಾನೇ ಹೇಳಿದೆ. ನಮ್ಮ ಕಂಕುಳಿನ ಗಂಟುಗಳನ್ನು ತೆಗೆದಿರುತ್ತಾರಲ್ಲ, ನಾವೇ ಬಾಯಿಬಿಟ್ಟು ಹೇಳಬೇಕು. ಕೀಮೋ ಆದ ಮೇಲೆ ಬಲಗೈಯ ನರಗಳು ಒಣಗಿದ ಹುರಿಯಂತೆ ಆಗಿವೆ. ಮೂರನೇ ಸಲಕ್ಕೆ ಸಿಕ್ಕಿತು. ಔಷಧಿ ಕೊಟ್ಟು ಒಂದು ಚಿಕ್ಕ ಕೋಣೆಯಲ್ಲಿ ಒಂದು ಗಂಟೆ ಮಲಗಿಸಿದರು. ಫೋನ್ ಇಲ್ಲ, ಮಾತಿಲ್ಲ, ಆ ಕಡೆ ಈ ಕಡೆ ಹೊರಳುವ ಹಾಗಿಲ್ಲ. ತಣ್ಣಗೆ ಎಸಿ. ಶಾಲು ತಗೊಂಡು ಹೋಗಿ. ಆ ಒಂದು ಗಂಟೆ ನನ್ನ ಮಟ್ಟಿಗೆ ಸ್ಕ್ಯಾನಿಗಿಂತ ಕಷ್ಟ. ಕೊನೆಗೆ ಮನಸ್ಸಿನಲ್ಲೇ ಒಂದು ಬ್ಲೌಸ್ ಕಟ್ ಮಾಡಿದೆ. ಮುಂಭಾಗ, ಹಿಂಭಾಗ, ತೋಳು, ಪಟ್ಟಿ. ಕತ್ತಿನ ಅಳತೆಗೆ ಬರುವಷ್ಟರಲ್ಲಿ ಕರೆದರು.

ಸ್ಕ್ಯಾನ್ ಅಂದರೆ ಇಪ್ಪತ್ತು ಇಪ್ಪತ್ತೈದು ನಿಮಿಷ ಎರಡೂ ಕೈ ತಲೆ ಮೇಲಿಟ್ಟುಕೊಂಡು ಅಲುಗಾಡದೆ ಮಲಗುವುದು. ಆಪರೇಷನ್ ಆದ ಕಡೆ ಭುಜ ಬಿಗಿದಿರುತ್ತದೆ, ಹತ್ತು ನಿಮಿಷಕ್ಕೆ ಎಡಗೈ ಉರಿಯತೊಡಗಿತು. ಮೊದಲೇ ಹೇಳಿದ್ದರೆ ದಿಂಬು ಕೊಡುತ್ತಿದ್ದರಂತೆ. ಕಾಂಟ್ರಾಸ್ಟ್ ಕೊಟ್ಟಾಗ ಮೈಯೆಲ್ಲ ಬಿಸಿಯಾಗಿ ಉಚ್ಚೆ ಹೋಯ್ತೇನೋ ಅನ್ನಿಸುತ್ತದೆ. ಹೋಗಿರುವುದಿಲ್ಲ. ಗಾಬರಿಯಾಗಬೇಡಿ.

ಹೊರಗೆ ಬಂದಾಗ ಆ ಹುಡುಗ ಹೇಳಿದ, "ನೀರು ಚೆನ್ನಾಗಿ ಕುಡೀರಿ ಅಮ್ಮ. ಇವತ್ತೊಂದಿನ ಬಸುರಿಯರು, ಸಣ್ಣ ಮಕ್ಕಳ ಹತ್ರ ಹೋಗ್ಬೇಡಿ." ನಿಂತಲ್ಲೇ ನಿಂತೆ. ಇದು ಹಾಳೆಯಲ್ಲಿ ಇತ್ತೋ ಏನೋ. ಮನೆಯಲ್ಲಿ ಏಳು ತಿಂಗಳ ಬಸುರಿ ಮಗಳು, ಇರುವುದು ಎರಡೇ ಕೋಣೆ. ಬಸ್ಸಿನಲ್ಲಿ ಪಕ್ಕದಲ್ಲಿ ಯಾರು ಬಂದು ಕೂರುತ್ತಾರೋ. ಸರಸ್ವತಿಪುರಂನಲ್ಲಿರುವ ತಂಗಿಗೆ ಫೋನ್ ಮಾಡಿದೆ. "ಬಾ ಅಕ್ಕ, ಮಕ್ಕಳೆಲ್ಲ ದೊಡ್ಡವಾಗವೆ, ನನಗೇನು ಈಗ ಬಸುರು ಹಿಡ್ಯುತ್ತಾ" ಅಂದಳು. ಮಗಳಿಗೆ, ಬಟ್ಟೆ ಅಂಗಡಿಯಲ್ಲಿ ತಡವಾಯಿತು, ಚಿಕ್ಕಮ್ಮನ ಮನೆಯಲ್ಲಿ ಉಳಿಯುತ್ತೇನೆ ಅಂದೆ. ಮೂರನೆಯದು.

ಹೊರಡುವ ಮುಂಚೆ ಕೌಂಟರಿನಲ್ಲಿ ಇನ್ನೊಂದು ಕಾದಿತ್ತು. "ಹಳೇ ಸ್ಕ್ಯಾನ್ ಸಿಡಿ ಎಲ್ಲಿ?" ನನ್ನ ಹಳೆಯ ಸ್ಕ್ಯಾನ್ ಬೆಂಗಳೂರಿನಲ್ಲಿ ಬೇರೆ ಕಡೆ ಮಾಡಿಸಿದ್ದು. ಹೋಲಿಸಿ ನೋಡದೆ ಬರೆದರೆ ಹಳೆಯದು ಯಾವುದು ಹೊಸದು ಯಾವುದು ಗೊತ್ತಾಗಲ್ಲ, ಹಾಳೆಯಲ್ಲಿ ಚಿತ್ರ ಇರಲ್ಲವಲ್ಲ ಅಂದರು. ಸಿಡಿ ಬಂದ ಮೇಲೇ ರಿಪೋರ್ಟ್. ಶುಕ್ರವಾರ ಬರಬೇಕಿದ್ದದ್ದು ಶನಿವಾರಕ್ಕೆ ಹೋಯಿತು. ನಮ್ಮ ಡಾಕ್ಟರ್ ಸಿಗುವುದು ಸೋಮವಾರ. ಗುರುವಾರ ಮಧ್ಯಾಹ್ನ ಒಂದೂವರೆಗೆ ನಾನು ಲೆಕ್ಕ ಹಾಕಿದೆ, ಇನ್ನೂ ನಾಲ್ಕು ರಾತ್ರಿ.

ಈ ನಾಲ್ಕು ರಾತ್ರಿ ಹೇಗೆ ಕಳೆಯುವುದು ಅಂತ ಯಾರೂ ಹೇಳಿಕೊಡುವುದಿಲ್ಲ. ಏನು ತಿನ್ನಬೇಕು ಅಂತ ಹಾಳೆ ಕೊಡುತ್ತಾರೆ, ಇದಕ್ಕೆ ಹಾಳೆ ಇಲ್ಲ.

ಮೊದಲನೇ ಸಂಜೆ ಸಯ್ಯಾಜಿರಾವ್ ರಸ್ತೆಗೆ ಹೋದೆ. ಲೈನಿಂಗ್ ಬಟ್ಟೆ ತರದೆ ಮನೆಗೆ ಹೋಗುವ ಹಾಗಿರಲಿಲ್ಲವಲ್ಲ. ದಸರಾ ಆನೆಗಳ ತಾಲೀಮು ಬಂತು. ಪೊಲೀಸರು ವಾಹನಗಳನ್ನೆಲ್ಲ ತಡೆದು ನಿಲ್ಲಿಸಿದರು. ಅರಮನೆಯಿಂದ ಬನ್ನಿಮಂಟಪದವರೆಗೆ ಸುಮಾರು ಐದು ಕಿಲೋಮೀಟರ್ ನಡೆಸುತ್ತಾರೆ. ಜಂಬೂಸವಾರಿಯ ದಿನ ಹೊರಬೇಕಾದ ಅಂಬಾರಿ 750 ಕಿಲೋ. ಅದು ಅಭ್ಯಾಸವಾಗಲಿ ಅಂತ ಬೆನ್ನ ಮೇಲೆ ಮರಳು ಮೂಟೆ ಕಟ್ಟಿ, ದಿನ ದಿನಕ್ಕೆ ಭಾರ ಹೆಚ್ಚಿಸುತ್ತಾ ಹೋಗುತ್ತಾರೆ. ಜನರ ಮಧ್ಯೆ ಗರ್ಭಿಣಿಯರು, ಮಕ್ಕಳು ಇರುತ್ತಾರೆ ಅಂತ ನಾನು ದೂರ, ಒಂದು ಮುಚ್ಚಿದ ಅಂಗಡಿಯ ಮೆಟ್ಟಿಲ ಮೇಲೆ ಒಬ್ಬಳೇ ನಿಂತಿದ್ದೆ. ಆನೆ ಕಾಲೆತ್ತಿ ಇಡುವುದನ್ನು ನೋಡುತ್ತಾ ಹತ್ತು ನಿಮಿಷ ನನಗೆ ಸ್ಕ್ಯಾನ್ ನೆನಪಾಗಲಿಲ್ಲ. ನೆನಪಾಗಲಿಲ್ಲ ಅಂತ ಗೊತ್ತಾದ ತಕ್ಷಣ ನೆನಪಾಯಿತು.

ರಾತ್ರಿ ಮೂರಕ್ಕೆ ಎಚ್ಚರ. ಎದೆ ಡವಡವ ಅಂತ ಬಡಿದುಕೊಳ್ಳುತ್ತಿತ್ತು, ಅಂಗೈ ಬೆವರು. ಮನಸ್ಸು ಎಲ್ಲೆಲ್ಲಿಗೋ ಹೋಯಿತು. ಮಗಳ ಬಾಣಂತನ ಯಾರು ಮಾಡುತ್ತಾರೆ? ಯಜಮಾನರಿಗೆ ಗ್ಯಾಸ್ ಸಿಲಿಂಡರ್ ಬುಕ್ ಮಾಡುವುದಕ್ಕೂ ಬರಲ್ಲ. ಕತ್ತರಿಸಿಟ್ಟ ಹನ್ನೊಂದು ಬ್ಲೌಸ್ ಯಾರು ಹೊಲಿದು ಕೊಡುತ್ತಾರೆ? ನಗು ಬರುತ್ತದೆ ಈಗ. ಅವತ್ತು ಆ ಹನ್ನೊಂದು ಬ್ಲೌಸಿಗೆ ಅತ್ತೆ. ತಂಗಿಯ ಮಗ ಕಾಲೇಜಿನಲ್ಲಿ ಓದುತ್ತಾನೆ. ಓದುತ್ತಾ ಎಚ್ಚರವಾಗಿದ್ದವನು ನೋಡಿ, "ದೊಡ್ಡಮ್ಮ, 14416ಕ್ಕೆ ಫೋನ್ ಮಾಡಿ" ಅಂದ. ಟೆಲಿ ಮಾನಸ್ ಅಂತ, ಸರ್ಕಾರದ್ದು, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಹುಚ್ಚರಿಗೆ ಮಾಡುವ ಫೋನ್ ಅಂತ ನಾನು ಮುಖ ಸಿಂಡರಿಸಿದೆ. ಅವನೇ ಒತ್ತಿ ಕೈಗೆ ಕೊಟ್ಟ.

ಆ ಕಡೆ ಮಾತಾಡಿದ ಹೆಣ್ಣುಮಗಳು ಏನೂ ಆಗಲ್ಲ ಅನ್ನಲಿಲ್ಲ. ಅದು ನನಗೆ ಹಿಡಿಸಿತು. ಒಂದು ವಾರದಿಂದ ಎಲ್ಲರೂ ಅದನ್ನೇ ಹೇಳಿ ಹೇಳಿ ಬಾಯಿ ಮುಚ್ಚಿಸಿದ್ದರು. ಅವಳು ಎದೆ ಬಡಿತದ ಬಗ್ಗೆ ಕೇಳಿದಳು, ಉಸಿರು ನಿಧಾನ ಒಳಗೆ, ಅದಕ್ಕಿಂತ ನಿಧಾನ ಹೊರಗೆ ಬಿಡಿಸಿದಳು. ಆಮೇಲೆ, ರಿಪೋರ್ಟ್ ಬಂದಾಗ ಯಾರ ಜೊತೆ ಕೂತು ಓದುತ್ತೀರಿ ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಎಷ್ಟು ಕಾಗದ ಜೋಡಿಸಿಕೊಂಡಿದ್ದೆ, ಇದನ್ನು ಜೋಡಿಸಿಕೊಂಡೇ ಇರಲಿಲ್ಲ.

ಶುಕ್ರವಾರ ಯಜಮಾನರು ರೈಲಿನಲ್ಲಿ ಸಿಡಿ ತಂದರು. ಮನೆಯಲ್ಲಿ ಮಗಳ ಕಣ್ಣು ತಪ್ಪಿಸಿ ಹುಡುಕಬೇಕು, ಪಾಪ. ಕೊನೆಗೆ ಅದು ಸಿಕ್ಕಿದ್ದು ನನ್ನ ಬಾಬಿನ್, ಹುಕ್ಕು ತುಂಬಿದ ಬಿಸ್ಕತ್ತಿನ ಡಬ್ಬಿಯ ತಳದಲ್ಲಿ. ಮೇಲೆಲ್ಲ ಗೀರು. ಓದುತ್ತದೋ ಇಲ್ಲವೋ ಅಂತ ಕಾಲು ಗಂಟೆ ಅಲ್ಲಿ ಉಸಿರು ಬಿಗಿಹಿಡಿದು ನಿಂತೆವು. ಓದಿತು. ಸಿಡಿಯನ್ನು ಪೆನ್‌ಡ್ರೈವಿಗೂ ಹಾಕಿಸಿಟ್ಟುಕೊಳ್ಳಿ, ಈಗಲೇ. ನಾಳೆ ಅಂತ ಬಿಡಬೇಡಿ.

ಸಂಜೆ ಇಬ್ಬರೂ ಮಂಡ್ಯಕ್ಕೆ ಬಂದೆವು. ಅಷ್ಟು ಹೊತ್ತಿಗೆ ಔಷಧಿಯ ಶಕ್ತಿ ಇಳಿದುಹೋಗಿರುತ್ತದೆ, ಮಗಳ ಹತ್ತಿರ ಕೂರಬಹುದು ಅಂತ ಕೇಳಿ ಖಚಿತ ಮಾಡಿಕೊಂಡಿದ್ದೆ. ಆದರೂ ಆ ರಾತ್ರಿ ಅವಳ ಪಕ್ಕ ಮಲಗಲಿಲ್ಲ.

ಶನಿವಾರ ಇಡೀ ದಿನ ಫೋನ್ ಕೈಯಲ್ಲಿ. ಮೆಸೇಜ್ ಸದ್ದಾದಾಗೆಲ್ಲ ಹೊಟ್ಟೆಯಲ್ಲಿ ಕಲ್ಲು ಬಿದ್ದಂತೆ. ಒಂದು ಸೀರೆ ಅಂಗಡಿಯವರ ಆಫರ್, ಒಂದು ಸ್ತ್ರೀಶಕ್ತಿ ಸಂಘದ ಮೀಟಿಂಗ್, ಮೂರು ಶುಭೋದಯ. ಮಷಿನ್ ಮೇಲೆ ಕೂತರೆ ಹೊಲಿಗೆ ಸೊಟ್ಟ ಹೋಗುತ್ತಿತ್ತು. ಅದನ್ನು ಬಿಟ್ಟು ಕೈಕೆಲಸ ತಗೊಂಡೆ. ಹೆಮ್ಮಿಂಗ್, ಹುಕ್ಕು, ಕಾಜಾ. ಸೂಜಿ ಒಳಗೆ, ಹೊರಗೆ. ಕೈಗೆ ಸಣ್ಣ ಕೆಲಸ ಇದ್ದಾಗ ತಲೆ ಅಷ್ಟು ದೂರ ಓಡುವುದಿಲ್ಲ. ದೇವಸ್ಥಾನಕ್ಕೂ ಹೋಗಿದ್ದೆ, ಹರಕೆಯನ್ನೂ ಹೊತ್ತೆ. ಆದರೆ ನಿಜ ಹೇಳಬೇಕೆಂದರೆ ಅವತ್ತು ನನ್ನನ್ನು ಹಿಡಿದು ಕೂರಿಸಿದ್ದು ಎಪ್ಪತ್ತೆರಡು ಹುಕ್ಕು.

ರಾತ್ರಿ ಒಂಬತ್ತು ಗಂಟೆ. ಊಟ ಆಗಿತ್ತು. ಜಗುಲಿಯಲ್ಲಿ ಲೈಟ್ ಹಾಕಿಕೊಂಡು ಹುಕ್ಕು ಹಾಕುತ್ತಿದ್ದೆ. ಮಗಳು ಒಳಗಿಂದ ಬಂದಳು. ಕೈಯಲ್ಲಿ ಫೋನ್. ಮುಖ ಬಿಳಿಚಿಕೊಂಡಿತ್ತು.

"ಅಮ್ಮ, ಇದೇನಿದು?"

ಮೂರು ವರ್ಷದ ಹಿಂದೆ ನಾನು ಆಪರೇಷನ್ನಿಗೆ ಸೇರಿದಾಗ ಫೈಲಿನಲ್ಲಿ ಬರೆಸಿದ್ದು ಅವಳ ನಂಬರ್. ಆಗ ನನ್ನದು ಬಟನ್ ಫೋನು. ಡೀಟೇಲ್ಸ್ ಎಲ್ಲ ಅದೇನಾ ಅಂದಿದ್ದಕ್ಕೆ ಹೂಂ ಅಂದಿದ್ದೆನಲ್ಲ. ರಿಪೋರ್ಟ್ ನೇರ ಅವಳ ವಾಟ್ಸಾಪಿಗೆ ಹೋಗಿತ್ತು. ಕೌಂಟರಿನಲ್ಲಿ ನಂಬರನ್ನು ಒಂದೊಂದೇ ಅಂಕಿಯಾಗಿ ಓದಿಸಿ ಕೇಳಿಸಿಕೊಳ್ಳಿ ಅಂತ ನಾನು ಹೇಳುವುದು ಇದಕ್ಕೆ.

"ನಂಗ್ಯಾಕ್ ಹೇಳ್ನಿಲ್ಲ ನೀನು?" ಅಂದಳು. ಅವಳು ಸಿಟ್ಟು ಬಂದಾಗ ಮಾತ್ರ ನಮ್ಮ ಹಳ್ಳಿ ಮಾತಿಗೆ ಇಳಿಯುತ್ತಾಳೆ. "ನಿನ್ನ ನಿದ್ದೆ ಕೆಡಿಸಬಾರದು ಅಂತ" ಅಂದೆ. "ಮುದ್ದೆ ತಿನ್ನದೆ ಮೊಟ್ಟೆ ತಿಂದೆಯಲ್ಲ, ಅವತ್ತೇ ನಂಗೆ ಅನುಮಾನ. ಮೂರು ದಿನದಿಂದ ಎಲ್ಲಿ ನಿದ್ದೆ ಮಾಡಿದೀನಿ ನಾನು?" ಅಂದಳು. ಯಜಮಾನರು ಎದ್ದು ಬಂದು, "ಏನಾಗಕಿಲ್ಲ, ಸುಮ್ನಿರಿ ಇಬ್ಬರೂ" ಅಂದರು. ನಾವಿಬ್ಬರೂ ಒಟ್ಟಿಗೆ ಅವರ ಮೇಲೆ ರೇಗಿದೆವು.

ಆಮೇಲೆ ಕೂತು ಓದಿದೆವು. ಅಂದರೆ ಅವಳು ಓದಿದಳು, ನಾನು ಹುಕ್ಕು ಹಾಕುತ್ತಾ ಕೇಳಿದೆ. ನಾಲ್ಕು ಪುಟ. ನಮ್ಮ ಕಣ್ಣಿಗೆ ಬಿದ್ದ ಪದಗಳು ಇಷ್ಟು: ಎರಡೂ ಭುಜ, ಬೆನ್ನು, ತೊಡೆಯ ಮಾಂಸಖಂಡದಲ್ಲಿ ಅಪ್ಟೇಕ್. ಬೆನ್ನಿನ ಡಿ11 ಮೂಳೆಯಲ್ಲಿ ಸ್ಕ್ಲೆರೋಟಿಕ್ ಫೋಕಸ್. ಬಲ ಶ್ವಾಸಕೋಶದಲ್ಲಿ 4 ಮಿಲಿಮೀಟರ್ ನಾಡ್ಯೂಲ್. ಮೂರೂ ನನಗೆ ಒಂದೇ ಪದದಂತೆ ಕೇಳಿಸಿದವು. ಮಗಳು ಗೂಗಲ್ ಮಾಡಲು ಹೊರಟವಳು ಒಂದು ಪುಟ ನೋಡಿ ಫೋನ್ ಮಗುಚಿಟ್ಟಳು. ಏನು ನೋಡಿದೆ ಅಂದರೆ ಹೇಳಲಿಲ್ಲ. ಕೊನೆಯ ಪುಟದಲ್ಲಿ ಇಂಪ್ರೆಷನ್ ಅಂತ ಇರುತ್ತದೆ, ಒಟ್ಟು ಸಾರಾಂಶ. ಓದುವುದೇ ಆದರೆ ಅಲ್ಲಿಂದ ಓದಿ, ಅಷ್ಟಕ್ಕೇ ನಿಲ್ಲಿಸಿ. ಮೇಲಿನ ಪುಟಗಳಲ್ಲಿ ಕಂಡದ್ದನ್ನೆಲ್ಲ ಬರೆದಿರುತ್ತಾರೆ, ವಯಸ್ಸಿಗೆ ಸವೆದ ಮೂಳೆಯಿಂದ ಹಿಡಿದು ಪಿತ್ತಕೋಶದ ಕಲ್ಲಿನವರೆಗೆ. ಅದು ಡಾಕ್ಟರಿಗೆ ಬರೆದದ್ದು, ನಮಗಲ್ಲ.

ಆ ರಾತ್ರಿ ಅವಳ ಪಕ್ಕವೇ ಮಲಗಿದೆ. ನಿದ್ದೆ ಇಬ್ಬರಿಗೂ ಬರಲಿಲ್ಲ. ಎರಡು ಗಂಟೆಗೆ ಅವಳು ನನ್ನ ಕೈ ತಗೊಂಡು ಹೊಟ್ಟೆ ಮೇಲೆ ಇಟ್ಟುಕೊಂಡಳು. ಮಗು ಒದೆಯುತ್ತಿತ್ತು. ಭಾನುವಾರದ ಬಗ್ಗೆ ಬರೆಯುವುದಕ್ಕೆ ಏನೂ ಇಲ್ಲ. ಬಟ್ಟೆ ಒಗೆದೆವು.

ಸೋಮವಾರ ಟೋಕನ್ 37. ಡಾಕ್ಟರ್ ಬಂದಿದ್ದು ಹನ್ನೊಂದಕ್ಕೆ, ನಮ್ಮನ್ನು ಕರೆದಿದ್ದು ಎರಡೂಕಾಲಿಗೆ. ನೋಡಿದ ಫೀಸು 500. ಮಗಳು ಶನಿವಾರದ ಮೂರೂ ಪದಗಳನ್ನು ಚೀಟಿಯಲ್ಲಿ ಬರೆದುಕೊಂಡಿದ್ದಳು. ಒಳಗೆ ಹೋದರೆ ನಮಗೆ ಎಲ್ಲ ಮರೆತುಹೋಗುತ್ತದೆ, ನೀವೂ ಬರೆದುಕೊಂಡು ಹೋಗಿ.

ಡಾಕ್ಟರ್ ಚಿತ್ರ ತೆರೆದು, "ಹಿಂದಿನ ದಿನ ಏನು ಕೆಲಸ ಮಾಡಿದ್ರಿ?" ಅಂತ ಕೇಳಿದರು. ಮಷಿನ್ ತುಳಿದೆ ಅಂದೆ. ನಕ್ಕರು. ದುಡಿದ ಮಾಂಸಖಂಡವೂ ಸಕ್ಕರೆ ಎಳೆದುಕೊಳ್ಳುತ್ತದೆ, ಅದಕ್ಕೇ ಭುಜ, ಬೆನ್ನು, ತೊಡೆ ಹೊಳೆದಿವೆ. ಮೆದುಳು ಯಾವಾಗಲೂ ಹೊಳೆಯುತ್ತದೆ, ಮೂತ್ರಕೋಶವೂ ಹೊಳೆಯುತ್ತದೆ, ಹೊಳೆದದ್ದೆಲ್ಲ ಕ್ಯಾನ್ಸರ್ ಅಲ್ಲ ಅಂದರು. ಡಿ11 ಮೂಳೆಯ ಚುಕ್ಕೆ ಹಳೆಯ ಸಿಡಿಯಲ್ಲೂ ಇದೆ, ಅಷ್ಟೇ ಇದೆ, ಹೊಳೆದೂ ಇಲ್ಲ. ಸಿಡಿ ಇಲ್ಲದಿದ್ದರೆ ಅದಕ್ಕೆ ಎಂಆರ್‌ಐ ಬರೆಯಬೇಕಾಗಿತ್ತಂತೆ. ಬಿಸ್ಕತ್ತಿನ ಡಬ್ಬಿಗೆ ಮನಸ್ಸಿನಲ್ಲೇ ಕೈ ಮುಗಿದೆ. ನೋವು ಸೊಂಟದ ಮೂಳೆ ಸವೆದು ಬಂದದ್ದು. ಸ್ಟೂಲಿನ ಎತ್ತರ ಬದಲಿಸಬೇಕು, ಮುಕ್ಕಾಲು ಗಂಟೆಗೊಮ್ಮೆ ಏಳಬೇಕು, ಫಿಸಿಯೋಥೆರಪಿಗೆ ಹೋಗಬೇಕು.

ಶ್ವಾಸಕೋಶದ 4 ಮಿಲಿಮೀಟರ್ ಚುಕ್ಕೆ ಮಾತ್ರ ಹಳೆಯ ಸಿಡಿಯಲ್ಲಿ ಇಲ್ಲ. ಅಷ್ಟು ಚಿಕ್ಕದನ್ನು ಪೆಟ್ ಸ್ಕ್ಯಾನಿನಿಂದ ಹೌದು ಅಲ್ಲ ಅಂತ ಹೇಳಲು ಆಗುವುದಿಲ್ಲವಂತೆ. ಇಂಥ ಚುಕ್ಕೆಗಳು ಎಷ್ಟೋ ಜನರಲ್ಲಿ ಇರುತ್ತವೆ, ಹಳೆಯ ಸೋಂಕಿನ ಗುರುತು ಇರಬಹುದು. ಸುಮ್ಮನೆ ಬಿಡುವುದಿಲ್ಲ, ನಾಲ್ಕು ತಿಂಗಳು ಬಿಟ್ಟು ಎದೆಯದೊಂದೇ ಸಿಟಿ ಸ್ಕ್ಯಾನ್ ಮಾಡಿಸೋಣ ಅಂದರು. ಅಂದರೆ ಇನ್ನೊಂದು ಸಲ ಕಾಯುವುದು. ಮಗಳು, "ಆಗ ನನ್ನ ಬಾಣಂತನ ಮುಗಿದಿರುತ್ತೆ" ಅಂದಳು.

ಹೊರಗೆ ಬಂದು ಮುಂದಿನ ದಿನ ಬರೆಸಲು ಕೌಂಟರಿಗೆ ಹೋದೆವು. ಆವತ್ತಿನ ಅದೇ ಹುಡುಗಿ. ಈ ಸಲ ನಾನೇ ನಂಬರ್ ಓದಿ ಅಂದೆ. ಒಂದೊಂದೇ ಅಂಕಿ ಓದಿದಳು. "ಇದು ನಿಮ್ಮದಲ್ವಾ? ಬದಲಾಯಿಸಲಾ ಮೇಡಂ?"

ಮಗಳು ಬೆಂಚಿನ ಮೇಲೆ ಕಾಲು ಚಾಚಿ ಕೂತು ನೀರು ಕುಡಿಯುತ್ತಿದ್ದಳು. ಇತ್ತ ನೋಡುತ್ತಲೂ ಇದ್ದಳು.

"ಬೇಡ" ಅಂದೆ. "ಅದೇ ಇರಲಿ."